ಗಿಡ್ಡ ತೋಟೆಗೆ ಇಟ್ಟ ಆಣೆ

ತಾಯಿಫ್ ಪೇಟೆಯಿಂದ ಶಫಾ ಬೆಟ್ಟಕ್ಕೆ ಹತ್ತುವ ರಸ್ತೆ ಮೊದಲ ತಿರುವು ತೆಗೆಯುವಲ್ಲಿ ಅಬೂ ಫವ್ವಾಝನ ಅಂಗಡಿ. ಗೋಡೆ ಅಬೂ ಫವ್ವಾಝನದು, ಮಾಲು ಅಬೂ ಫವ್ವಾಝನದು, ನಾಲಗೆ ಮಾತ್ರ ಹಮ್ಮಬ್ಬನದು. ಡೇರೆ ಬೇಕೆಂದು ಬಂದವನಿಗೆ ಡೇರೆ, ಬರೀ ಕಾಫಿ ಕೂಜೆ ಬೇಕೆಂದು ಬಂದವನಿಗೂ ಒಂದು ಡೇರೆ ಮಾರಿ ಕಳಿಸುವ ನಾಲಗೆ ಅದು. ಅಂಗಡಿಯ ಒಳಭಾಗದಲ್ಲಿ, ಗಾಜಿನ ಹಿಂದೆ, ಸರಪಳಿ ಕಟ್ಟಿದ ಬೇಟೆಯ ಕೋವಿಗಳು ಸಾಲಾಗಿ ನಿಂತಿದ್ದವು. ಅವನ್ನು ಮುಟ್ಟುವ ಹಕ್ಕು ಹಮ್ಮಬ್ಬನಿಗೆ ಇರಲಿಲ್ಲ. ಪರವಾನಗಿ ನೋಡುವುದು, ಬೀಗ ತೆಗೆಯುವುದು, ಗಿರಾಕಿಯ ಕೈಗೆ ಕೊಡುವುದು ಎಲ್ಲ ಅಬೂ ಫವ್ವಾಝನೇ. ಆದರೆ ಅವನಿಗೆ ಇಂಗ್ಲಿಷ್ ಬಾರದು. ಪೆಟ್ಟಿಗೆಯ ಮೇಲೆ ಏನು ಬರೆದಿದೆ, ಕ್ಯಾಟಲಾಗಿನಲ್ಲಿ ಏನು ಹೊಗಳಿದ್ದಾರೆ ಎಂದು ಓದಿ ಅರಬ್ಬಿಯಲ್ಲಿ ಹೇಳುವುದು ಹಮ್ಮಬ್ಬನ ಕೆಲಸ.

ಪಾಣೆಮಂಗಳೂರಿನ ಹೊಳೆಬದಿಯ ಮನುಷ್ಯ. ಮೀಸೆ ಚಿಗುರುವ ಕಾಲಕ್ಕೆ ಇದೇ ಅಂಗಡಿಗೆ ಚಾ ಮಾಡಲು ಬಂದವನು ಗಡ್ಡ ನರೆಯುವ ತನಕ ಇಲ್ಲೇ ಉಳಿದ. ಅವನ ಹೆಸರು ಅರಬರ ಬಾಯಲ್ಲಿ ನಿಲ್ಲದೆ ಅವನು ‘ಮುಹಮ್ಮದ್’ ಆದ. ಬಂದ ಹೊಸತರಲ್ಲಿ ಒಬ್ಬ ಗಿರಾಕಿ, ಈ ಡೇರೆ ಮಳೆಗೆ ಸೋರುತ್ತದೆಯೇ ಎಂದು ಕೇಳಿದ್ದಕ್ಕೆ ಹಮ್ಮಬ್ಬ ‘ಗೊತ್ತಿಲ್ಲ’ ಎಂದುಬಿಟ್ಟಿದ್ದ. ಗಿರಾಕಿ ಹೋದ ಮೇಲೆ ಅಬೂ ಫವ್ವಾಝ್ ಅವನನ್ನು ಒಳಗೆ ಕರೆದ.

“ನೀನು ಗೊತ್ತಿಲ್ಲ ಎಂದರೆ ಅವನು ಎದುರಿನ ಅಂಗಡಿಗೆ ಹೋಗುತ್ತಾನೆ. ಇನ್ನೊಂದು ಸಲ ಹಾಗೆಂದರೆ ನೀನೂ ಅವನ ಹಿಂದೆಯೇ ಹೋಗು.”

ಅಂದಿನಿಂದ ಹಮ್ಮಬ್ಬ ಆ ಮಾತನ್ನು ನುಂಗಿದ. ಅದರ ಜಾಗಕ್ಕೆ ಇಲ್ಲಿಯ ಮಾತುಗಳು ಬಂದು ಕೂತವು. ಏನು ಕೇಳಿದರೂ ‘ಮಾಫೀ ಮುಷ್ಕಿಲ’, ತೊಂದರೆಯೇ ಇಲ್ಲ. ಗಿರಾಕಿ ಅನುಮಾನದಿಂದ ಹುಬ್ಬು ಗಂಟಿಕ್ಕಿದರೆ ‘ವಲ್ಲಾಹಿ’, ದೇವರಾಣೆ. ಪೇಟೆಯಲ್ಲಿ ಎಲ್ಲರೂ ಆಡುವ ಮಾತು. ಟೊಮೆಟೊ ಮಾರುವವನೂ ವಲ್ಲಾಹಿ, ಟ್ಯಾಕ್ಸಿಯವನೂ ವಲ್ಲಾಹಿ. ಊರಲ್ಲಿ ಅವನ ಉಮ್ಮ ಆಣೆ ಹಾಕುವ ಮಕ್ಕಳ ತುಟಿಗೆ ಬೆರಳಲ್ಲಿ ಹೊಡೆಯುತ್ತಿದ್ದಳು. “ಹುಟ್ಟಿಸಿದವನ ಹೆಸರು ಬಾಯಿಗೆ ಹಾಕಿ ಅಗಿದು ಉಗಿಯುವ ಎಲೆ ಅಡಿಕೆಯಾ?” ಎನ್ನುತ್ತಿದ್ದಳು. ಉಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಕಡಲಿನ ಈಚೆಗೆ ಅವಳ ಬೆರಳು ಮುಟ್ಟುತ್ತಿರಲಿಲ್ಲ.

ಎರಡು ಸಾವಿರದ ಹನ್ನೊಂದರ ಚಳಿಗಾಲಕ್ಕೆ ಅಂಗಡಿಗೆ ಹೊಸ ನಮೂನೆಯ ಕೋವಿಗಳು ಬಂದವು. ಅವುಗಳ ತೋಟೆಯನ್ನು ಮೊದಲು ಕಂಡು ನಕ್ಕವನು ಸಾಂತಪ್ಪ. ಸುಳ್ಯ ಕಡೆಯವನು; ಬೆಟ್ಟದ ಮನೆಗಳಿಗೆ ನೀರು ಹೊಡೆಯುವ ಟ್ಯಾಂಕರಿನ ಡ್ರೈವರು. ಹತ್ತುವ ಮೊದಲು ಅಂಗಡಿಯ ಮುಂದೆ ಟ್ಯಾಂಕರು ನಿಲ್ಲಿಸಿ ಹಮ್ಮಬ್ಬನ ಜೊತೆ ಒಂದು ಲೋಟ ಕರಿ ಚಾ ಕುಡಿಯುವುದು ಅವನ ರೂಢಿ.

“ಬ್ಯಾರಿಗಳೇ, ಇದೆಂತ ಇದು? ಬಸುರಿ ತೋಟೆಯಾ?”

“ನಗಾಡ್ಬೇಡಿ ಸಾಂತಪ್ಪಣ್ಣ. ಹೊಸತು. ಗಿಡ್ಡ ಮ್ಯಾಗ್ನಮ್ ಅಂತ ಹೆಸರು. ಮದ್ದು ಕುಳ್ಳಗೆ ದಪ್ಪಕ್ಕೆ ತುಂಬಿದ್ರೆ ಒಂದೇ ಸಮ ಉರೀತದಂತೆ. ತೋಟೆ ಗಿಡ್ಡ ಆದ ಕಾರಣ ಕೋವಿಯೂ ಗಿಡ್ಡ, ಹಗುರ.”

“ಪೆಟ್ಟು ಜಾಸ್ತಿಯಾ?”

“ಜಾಸ್ತಿ ಇಲ್ಲ. ಉದ್ದ ಮ್ಯಾಗ್ನಮಿನಷ್ಟೇ.”

“ಅಷ್ಟೇ ಆದ್ರೆ ಎಂತಕ್ಕೆ ಮಾರಾಯ್ರೇ? ಮತ್ತೆ ಕೋವಿ ಹಗುರ ಆದ್ರೆ ಹೆಗಲಿಗೆ ಒದೆಯುದು ಜಾಸ್ತಿ. ಅದನ್ನು ಪೆಟ್ಟಿಗೆಯಲ್ಲಿ ಬರ್ದಿದ್ದಾರಾ?”

“ಅದು ಬರೀಲಿಲ್ಲ.”

“ಬರಿಯುದಿಲ್ಲ. ಹೆಣ್ಣು ನೋಡ್ಲಿಕ್ಕೆ ಬಂದವರ ಹತ್ರ ಅವಳ ಬಾಯಿ ದೊಡ್ಡ ಅಂತ ಯಾರು ಹೇಳ್ತಾರೆ?” ಸಾಂತಪ್ಪ ತೋಟೆಯನ್ನು ಅಂಗೈಯಲ್ಲಿ ಉರುಳಿಸಿದ. “ನಮ್ಮ ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಉಂಟು. ಇಲೆಕ್ಷನ್ ಬಂದ್ರೆ ಸ್ಟೇಷನಿಗೆ ಕೊಟ್ಟು ಬರುದು, ಮುಗಿದ ಮೇಲೆ ಹೊತ್ತು ತರುದು. ಅಜ್ಜ ಹೇಳ್ತಿದ್ರು, ಕೋವಿ ತಗೊಳ್ಳುದು ಒಂದು ಸಲ, ತೋಟೆ ತಗೊಳ್ಳುದು ಸಾಯುವವರೆಗೆ ಅಂತ. ಹತ್ರದ ಪೇಟೆಯಲ್ಲಿ ತೋಟೆ ಸಿಗದ ಕೋವಿಯಲ್ಲಿ ಒಲೆ ಊದ್ಬಹುದು, ಬೇರೆಂತ ಮಾಡ್ಲಿಕ್ಕಾಗ್ತದೆ?”

“ಸಿಗ್ತದೆ, ಸಿಗ್ತದೆ. ಏಜೆಂಟ್ ಕೊಡ್ತಾನೆ.”

“ನಿಮಗೆ ಗೊತ್ತುಂಟಾ?”

“ಮಾಫೀ ಮುಷ್ಕಿಲ,” ಎಂದ ಹಮ್ಮಬ್ಬ. ಸಾಂತಪ್ಪ ನಕ್ಕು ಟ್ಯಾಂಕರು ಹತ್ತಿದ.

ಆ ಕೋವಿಗಳಲ್ಲಿ ಒಂದನ್ನು ಕೊಂಡವನು ಆಯಿದ್ ಎಂಬ ಮುದುಕ. ಶಫಾದ ಮೇಲಿನ ಏರಿನಲ್ಲಿ ಆಡು ಸಾಕುವವನು. ಹೆಂಡತಿ ಸತ್ತಿದ್ದಳು, ಹೆಣ್ಣುಮಕ್ಕಳು ಗಂಡಂದಿರ ಮನೆಯಲ್ಲಿದ್ದರು, ಅವನು ತನ್ನ ಮಂದೆಯೊಡನೆ ಬೆಟ್ಟದಲ್ಲಿದ್ದ. ಆ ಬೆಟ್ಟದಲ್ಲಿ ತೋಳಗಳಿವೆ. ಬಂಡೆಯಿಂದ ಜಾರಿ ಬಿದ್ದು ಎಡಗೈಯ ಶಕ್ತಿ ಕುಂದಿದ ಮೇಲೆ, ಅಪ್ಪನ ಕಾಲದ ಉದ್ದ ಕೋವಿಯನ್ನು ಎತ್ತಿ ಗುರಿ ಹಿಡಿಯುವುದು ಅವನಿಗೆ ಕಷ್ಟವಾಗಿತ್ತು. ಹಗುರವಾದದ್ದೊಂದು ಬೇಕೆಂದು ಬಂದ. ಅಬೂ ಫವ್ವಾಝ್ ಗಿಡ್ಡ ಕೋವಿಯನ್ನು ಅವನ ಕೈಗಿಟ್ಟ. ಮುದುಕ ಅದನ್ನು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಕೈ ನಡುಗಲಿಲ್ಲ. ಮುಖ ಅರಳಿತು.

ಆಮೇಲೆ ಹಮ್ಮಬ್ಬನ ಕಡೆ ತಿರುಗಿದ. “ಯಾ ಮುಹಮ್ಮದ್, ಓದುವವನು ನೀನು. ಇದರ ತೋಟೆ ನಾಳೆಯೂ ಸಿಗುತ್ತದೆಯೇ? ನನ್ನ ಹಳೆಯದಕ್ಕೆ ಕಿರಾಣಿ ಅಂಗಡಿಯ ಪಕ್ಕದಲ್ಲೂ ತೋಟೆ ಇದೆ.”

“ಮಾಫೀ ಮುಷ್ಕಿಲ, ಯಾ ಅಮ್,” ಎಂದ ಹಮ್ಮಬ್ಬ, ಹಿರಿಯರನ್ನು ಚಿಕ್ಕಪ್ಪ ಎಂದು ಕರೆಯುವ ಅಲ್ಲಿಯ ರೂಢಿಯಂತೆ.

“ತೊಂದರೆ ಉಂಟೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಸಿಗುತ್ತದೆಯೇ?”

ಅಬೂ ಫವ್ವಾಝ್ ಗಾಜಿನ ಹಿಂದೆ ನಿಂತು ಹಮ್ಮಬ್ಬನನ್ನೇ ನೋಡುತ್ತಿದ್ದ.

“ವಲ್ಲಾಹಿ ಸಿಗುತ್ತದೆ,” ಎಂದ ಹಮ್ಮಬ್ಬ.

ಮುದುಕ ಮತ್ತೆ ಒಂದು ಮಾತೂ ಕೇಳಲಿಲ್ಲ. ತನ್ನ ಉದ್ದ ಕೋವಿಯನ್ನು ಮೇಜಿನ ಮೇಲೆ ಮಲಗಿಸಿ, ಅದನ್ನು ಬೆಲೆಯಲ್ಲಿ ಹಿಡಿದುಕೊಳ್ಳಿ ಎಂದ. ಪರವಾನಗಿ ಹೊಸ ಕೋವಿಯ ಹೆಸರಿಗೆ ಬದಲಾಯಿತು. ಹಮ್ಮಬ್ಬ ಅಂದು ತನ್ನ ಕೋಣೆಗೆ ಹೋಗಿ ಅನ್ನ ಮೀನು ಉಂಡು ನಿದ್ದೆ ಮಾಡಿದ. ತಾನು ಏನನ್ನೋ ಕೊಟ್ಟುಬಿಟ್ಟೆ ಎಂದು ಅವನಿಗೆ ಅನಿಸಲೇ ಇಲ್ಲ.

ಕೋವಿ ಒಳ್ಳೆಯದೇ. ಅದನ್ನು ಬೈದರೆ ಸುಳ್ಳಾಗುತ್ತದೆ. ಆ ಚಳಿಗಾಲದಲ್ಲೇ ಆಯಿದ್ ಒಂದು ತೋಳವನ್ನು ಹೊಡೆದು, ಅಲ್ಲಿಯ ಕುರುಬರ ರೂಢಿಯಂತೆ ರಸ್ತೆ ಬದಿಯ ಜಾಲಿ ಮರಕ್ಕೆ ತೂಗಿಹಾಕಿದ. ಗುರುವಾರದ ಸಂತೆಗೆ ಇಳಿದಾಗ ಹಮ್ಮಬ್ಬನಿಗೆ ಆಡಿನ ತುಪ್ಪ ತಂದ. “ನೀನು ಹೇಳಿದ ಹಾಗೇ ಆಯಿತು,” ಎಂದು ಅವನ ಹಣೆಗೆ ಮುತ್ತಿಟ್ಟ. ಅಂದಿನಿಂದ ಪ್ರತಿ ಗುರುವಾರ ಮುದುಕ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ಚಾ ಕುಡಿಯದೆ ಹೋಗುತ್ತಿರಲಿಲ್ಲ. ಮಳೆಯ ಮಾತು, ಆಡಿನ ಮಾತು, ಪಾಣೆಮಂಗಳೂರಿನ ಹೊಳೆಯ ಮಾತು. ಬೇಸಗೆಯಲ್ಲೂ ಒಂದು ಹೊಳೆಯಲ್ಲಿ ನೀರಿರುತ್ತದೆ ಎಂದರೆ ಅವನು ನಂಬುತ್ತಿರಲಿಲ್ಲ. “ವಲ್ಲಾಹಿ?” ಎನ್ನುತ್ತಿದ್ದ. “ವಲ್ಲಾಹಿ” ಎಂದರೆ ನಂಬುತ್ತಿದ್ದ. ಆ ನಂಬಿಕೆಯನ್ನು ಕಂಡು ಹಮ್ಮಬ್ಬ ಹಿಗ್ಗುತ್ತಿದ್ದ. ದೂರದೇಶದಲ್ಲಿ ತನ್ನ ಮಾತಿಗೆ ತೂಕ ಕೊಡುವ ಒಬ್ಬ ಮನುಷ್ಯ ಸಿಕ್ಕಿದನಲ್ಲ ಎಂದು.

ಎರಡು ವರ್ಷ ಹೀಗೆ ಹೋಯಿತು. ಆಮೇಲೆ ಗಿಡ್ಡ ತೋಟೆ ಬರುವುದು ನಿಂತಿತು.

ರಿಯಾದಿನ ಏಜೆಂಟ್ ಮೊದಲು ‘ಮುಂದಿನ ತಿಂಗಳು’ ಎಂದ. ಆಮೇಲೆ, ಹೊಸತರ ಹುಚ್ಚು ಇಳಿಯಿತು, ಕೇಳುವವರಿಲ್ಲದ ಮಾಲನ್ನು ತರಿಸಿ ನಾನೇನು ಉಪ್ಪಿನಕಾಯಿ ಹಾಕಲೇ ಎಂದ. ಕೊನೆಗೆ ಫೋನು ಎತ್ತುವುದನ್ನೇ ಬಿಟ್ಟ. ಅತ್ತ ಹಳೆಯ ಉದ್ದ ತೋಟೆಗಳು ಮೊದಲಿನಂತೆ ಅಕ್ಕಿ ಸಕ್ಕರೆಯ ಹಾಗೆ ಬಂದು ಹೋಗುತ್ತಿದ್ದವು.

“ಬಂತೇ?” ಎಂದು ಆಯಿದ್ ಕೇಳಿದ.

“ಮುಂದಿನ ಗುರುವಾರ, ಇನ್ಶಾ ಅಲ್ಲಾಹ್.”

ಮುಂದಿನ ಗುರುವಾರವೂ ಅದೇ ಪ್ರಶ್ನೆ, ಅದೇ ಉತ್ತರ. ಮುದುಕ ಒಂದು ದಿನವೂ ಸ್ವರ ಏರಿಸಲಿಲ್ಲ. ಜೋಬಿನಲ್ಲಿ ಉಳಿದ ತೋಟೆಗಳನ್ನು ಬೆರಳಲ್ಲಿ ತಡವುತ್ತಾ ಕೂರುತ್ತಿದ್ದ. ಮುದುಕ ಬರುವ ದಿನ ಹತ್ತಿರವಾದಂತೆ ಹಮ್ಮಬ್ಬನಿಗೆ ಅನ್ನ ಸೇರದಂತಾಯಿತು.

ಅವನು ಸುಮ್ಮನಿರಲಿಲ್ಲ. ಗೊತ್ತಿದ್ದವರಿಗೆಲ್ಲ ಫೋನು ಮಾಡಿದ. ಯಾನ್ಬುವಿನಲ್ಲಿ ಇಲ್ಲ, ದಮ್ಮಾಮಿನಲ್ಲಿ ಇಲ್ಲ. ಜಿದ್ದಾದಲ್ಲಿ ಬೇಟೆ ಸಾಮಾನಿನ ಅಂಗಡಿಗಳ ಸಾಲಿನಲ್ಲೇ ವ್ಯಾಪಾರ ಮಾಡುವ ಭಟ್ಕಳದ ಮುಆಝ್ ಸಾಲು ಪೂರ್ತಿ ನಡೆದು ನೋಡಿ ತಿರುಗಿ ಫೋನು ಮಾಡಿದ.

“ಹಮ್ಮಬ್ಬಾಕ, ಇಲ್ಲ. ಆ ಹೆಸರು ಹೇಳಿದ್ರೆ ನಗ್ತಾರೆ. ಒಬ್ಬನ ಹತ್ರ ಬೇರೆ ಕಂಪನಿಯ ಗಿಡ್ಡ ತೋಟೆ ಉಂಟು, ಕಳಿಸ್ಲಾ?”

“ಅದು ಇದಕ್ಕೆ ಆಗುದಿಲ್ಲ. ಅಳತೆ ಬೇರೆ. ಹಾಕಿ ಹೊಡೆದ್ರೆ ಮುದುಕನ ಮುಖಕ್ಕೇ ಒಡೆಯುದು.”

“ಹಾಗಾದ್ರೆ ಬಿಟ್ಟುಬಿಡಿ. ಒಂದು ಗಿರಾಕಿಗೆ ಇಷ್ಟು ತಲೆ ಕೆಡಿಸಿಕೊಳ್ಳುದಾ? ಮಾರಿದ್ದು ನಿಮ್ಮ ಕಫೀಲ್, ನೀವಲ್ಲ.”

ಮಾರಿದ್ದು ಕಫೀಲ್, ವೀಸಾ ಕೊಟ್ಟ ಧಣಿ ಅಬೂ ಫವ್ವಾಝ್, ಹೌದು. ಆಣೆ ಇಟ್ಟದ್ದು ಯಾರು? ಅದನ್ನು ಹಮ್ಮಬ್ಬ ಮುಆಝನಿಗೆ ಹೇಳಲಿಲ್ಲ. ಊರಿಗೆ ಫೋನು ಮಾಡಿದಾಗ ಹೆಂಡತಿ ಖದೀಜತಳಿಗೆ ಹೇಳಿದ.

“ವಲ್ಲಾಹಿ ಅಂತ ಹೇಳಿದ್ರಾ? ಬಾಯಲ್ಲಿ?”

“ಇಲ್ಲಿ ಎಲ್ಲರೂ ಹೇಳ್ತಾರೆ.”

“ಎಲ್ಲರೂ ಬಾವಿಗೆ ಹಾರಿದ್ರೆ ನೀವು ಹಗ್ಗ ಬಿಚ್ಚಿ ಹಾರ್ತೀರಾ? ತಪ್ಪಿದ ಆಣೆಗೆ ಮೂರು ನೋಂಬು ಹಿಡೀರಿ. ಮತ್ತೆ ಆ ಅಜ್ಜನ ಹತ್ರ ಸತ್ಯ ಹೇಳಿ, ಆಗ್ಲಿಕ್ಕಿಲ್ಲ ಅಂತ.”

ನೋಂಬು ಹಿಡಿದ. ಹೊಟ್ಟೆ ಹಸಿಯುವುದು ಸುಲಭ. ಸತ್ಯ ಹೇಳುವುದು ಆಗಲಿಲ್ಲ. ನಾಲಗೆಗೆ ಅದರ ಅಭ್ಯಾಸ ತಪ್ಪಿಹೋಗಿತ್ತು. ಅದರ ಬದಲು ಅವನು ಮುದುಕನ ಹಳೆಯ ಉದ್ದ ಕೋವಿಯನ್ನು ಹುಡುಕಲು ಹೊರಟ. ಅಬೂ ಫವ್ವಾಝ್ ಅದನ್ನು ಬಾಹಾ ಕಡೆಯ ಒಬ್ಬನಿಗೆ ಎಂದೋ ಮಾರಿದ್ದ. ಹಮ್ಮಬ್ಬ ಅವನ ನಂಬರು ಹುಡುಕಿ, ದಮ್ಮಯ್ಯ ಹಾಕಿ, ಅದನ್ನು ಹಿಂದಕ್ಕೆ ಕೊಟ್ಟರೆ ಬದಲಿಗೆ ಹೊಸ ಗಿಡ್ಡ ಕೋವಿ ಕೊಡಿಸುತ್ತೇನೆ ಎಂದ. ಆ ಕಡೆಯಿಂದ ನಗು ಕೇಳಿಸಿತು.

“ಇದರ ತೋಟೆ ಎಲ್ಲ ಕಡೆ ಸಿಗುತ್ತದೆ. ಅದರದು ಎಲ್ಲಿ ಸಿಗುತ್ತದೆ, ಸಹೋದರ?”

ಅಬೂ ಫವ್ವಾಝನ ಹತ್ತಿರವೂ ಕೇಳಿದ, ಮುದುಕನ ಕೋವಿಯನ್ನು ತಿರುಗಿ ತೆಗೆದುಕೊಂಡು ಬೇರೆ ಕೊಡಿ ಎಂದು. ಅಬೂ ಫವ್ವಾಝ್ ಕೆಟ್ಟವನಲ್ಲ. ರಂಜಾನಿನಲ್ಲಿ ಹಮ್ಮಬ್ಬನ ಮನೆಗೆ ಖರ್ಜೂರದ ಡಬ್ಬ ಕಳಿಸುವವನು. ಆದರೆ ಗಾಜಿನ ಹಿಂದೆ ಅದೇ ನಮೂನೆಯ ಎರಡು ಇನ್ನೂ ಮಾರಾಟವಾಗದೆ ನಿಂತಿದ್ದವು. “ಮೂರನೆಯದನ್ನು ತಂದು ಇವುಗಳ ಜೊತೆ ಮದುವೆ ಮಾಡಿಸಲೇ?” ಎಂದು ಕೇಳಿದ. ಮಾತು ಅಲ್ಲಿಗೆ ಮುಗಿಯಿತು.

ಬೆಟ್ಟದ ಸುದ್ದಿ ತರುತ್ತಿದ್ದವನು ಸಾಂತಪ್ಪ. ಬರಬರುತ್ತ ಅವನ ನಗಾಟ ಕಡಿಮೆಯಾಯಿತು.

“ಬ್ಯಾರಿಗಳೇ, ಅಜ್ಜ ಈಗ ಕೋವಿ ಬಿಟ್ಟು ಡಬ್ಬ ಬಡೀತಾ ಕೂತಿದ್ದಾನೆ. ತೋಳಕ್ಕೆ ಗೊತ್ತಾಗಿದೆ.”

“ತೋಟೆ ಮುಗೀತಾ?”

“ಒಂದೆರಡು ಇಟ್ಟುಕೊಂಡಿದ್ದಾನೆ. ಹೊಡೀಲಿಕ್ಕೆ ಮನಸ್ಸು ಬರುದಿಲ್ಲ. ಮುಹಮ್ಮದ್ ತರಿಸ್ತಾನೆ, ಅಲ್ಲಿಯವರೆಗೆ ತಡೀಬೇಕು ಅಂತಾನೆ.”

“ಹಾಗೆ ಹೇಳಿದ್ನಾ?”

“ಹಾಗೇ ಹೇಳಿದ. ನಾನೇನು ಹೇಳ್ಲಿ? ನಿಮ್ಮ ಮರ್ಯಾದೆ ತೆಗೀಲಿಕ್ಕೆ ನನಗಾಗುದಿಲ್ಲ.”

ಮುಂದಿನ ವಾರ ಬಂದ ಸಾಂತಪ್ಪ ಟ್ಯಾಂಕರಿನಿಂದ ಇಳಿಯಲಿಲ್ಲ. ಕಿಟಕಿಯಿಂದಲೇ ಹೇಳಿದ. ಬೆಳಗಿನ ಮಂಜಿನಲ್ಲಿ ತೋಳಗಳು ದೊಡ್ಡಿಗೇ ನುಗ್ಗಿದ್ದವು. ಅಡ್ಡ ಹೋದ ನಾಯಿ ಮೊದಲು ಸತ್ತಿತ್ತು. ಮುದುಕ ಉಳಿಸಿಟ್ಟ ಒಂದೆರಡು ತೋಟೆಗಳನ್ನೂ ಹೊಡೆದ. ಹಗುರ ಕೋವಿ ಒದ್ದ ಒದೆತಕ್ಕೆ ಬಡ ಹೆಗಲು ತಡೆಯದೆ ಗುರಿ ಮೇಲಕ್ಕೆ ಹೋಯಿತು. ಆಮೇಲೆ ಹೊಡೆಯಲು ಏನೂ ಇರಲಿಲ್ಲ. ಬೆಳಕು ಹರಿದಾಗ ದೊಡ್ಡಿ ನೋಡುವ ಹಾಗಿರಲಿಲ್ಲ.

“ಶುಕ್ರವಾರ ನನ್ನನ್ನು ಮೇಲೆ ಕರ್ಕೊಂಡು ಹೋಗಿ ಸಾಂತಪ್ಪಣ್ಣ,” ಎಂದ ಹಮ್ಮಬ್ಬ.

ಹಮ್ಮಬ್ಬ ಜುಮ್ಮಾ ನಮಾಜು ಮುಗಿಸಿ ಬಂದ ಮೇಲೆ ಇಬ್ಬರೂ ಟ್ಯಾಂಕರಿನಲ್ಲಿ ಬೆಟ್ಟ ಹತ್ತಿದರು. ದಾರಿಯುದ್ದಕ್ಕೂ ಕೋತಿಗಳು ಕಟ್ಟೆಯ ಮೇಲೆ ಕೂತು ಹೋಗುವ ಕಾರುಗಳಿಗೆ ಕೈಯೊಡ್ಡುತ್ತಿದ್ದವು. ಹಮ್ಮಬ್ಬ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದ, ಕೆಡವುತ್ತಿದ್ದ.

ಆಯಿದ್ ಬಾಗಿಲಲ್ಲೇ ನಿಂತು ಸ್ವಾಗತಿಸಿದ. ಚಾಪೆ ಹಾಸಿದ. ಕಾಫಿ ಕಾಯಿಸಿದ. ಏಲಕ್ಕಿಯ ಪರಿಮಳ ಎದ್ದಿತು. ಹೊರಗೆ ದೊಡ್ಡಿಯ ಬಾಗಿಲು ತೆರೆದೇ ಇತ್ತು. ಒಳಗೆ ಒಂದು ಆಡೂ ಇರಲಿಲ್ಲ. ಉಳಿದವನ್ನೆಲ್ಲ ಪೇಟೆಯ ಕಟುಕರಿಗೆ ಕೊಟ್ಟುಬಿಟ್ಟೆ ಎಂದು ಮುದುಕ ಹೇಳಿದ, ನಾಳೆ ಬಿಸಿಲು ಬರಬಹುದು ಎನ್ನುವ ಹಾಗೆ.

ಆ ಬೆಟ್ಟದವರಲ್ಲಿ ಒಂದು ರೂಢಿ ಇದೆ. ಬಂದ ನೆಂಟ ಕಾಫಿಯ ಬಟ್ಟಲನ್ನು ಕುಡಿಯದೆ ನೆಲಕ್ಕಿಟ್ಟರೆ ಅವನಿಗೆ ಏನೋ ಬೇಕಾಗಿದೆ ಎಂದು ಅರ್ಥ. ಮನೆಯವನು ‘ಕುಡಿ, ನೀನು ಬಂದ ಕೆಲಸ ಆಯಿತು’ ಎನ್ನಬೇಕು. ಕೇಳಿದ್ದನ್ನು ಕೊಡದೆ ಬಟ್ಟಲು ಆರಲು ಬಿಟ್ಟರೆ ಮನೆಗೇ ಅವಮಾನ. ಹಮ್ಮಬ್ಬ ಇಷ್ಟು ವರ್ಷದಲ್ಲಿ ಅದನ್ನು ಕಂಡಿದ್ದ. ತನ್ನ ಬಟ್ಟಲನ್ನು ಚಾಪೆಯ ಆಚೆ, ಮಣ್ಣಿನ ಮೇಲೆ ಇಟ್ಟ.

ಮುದುಕ ಬಟ್ಟಲನ್ನು ನೋಡಿದ. “ಏನು ಬೇಕು, ಹೇಳು.”

“ತೋಟೆ ಬರುವುದಿಲ್ಲ, ಯಾ ಅಮ್. ಎಂದಿಗೂ ಬರುವುದಿಲ್ಲ. ಬರುತ್ತದೆಂದು ನಾನು ಆಣೆ ಇಟ್ಟಾಗಲೂ ನನಗೆ ಗೊತ್ತಿರಲಿಲ್ಲ. ನನ್ನನ್ನು ಕ್ಷಮಿಸು.”

ಸಾಂತಪ್ಪ ತಲೆ ತಗ್ಗಿಸಿ ಕೂತಿದ್ದ. ಮುದುಕ ಹಮ್ಮಬ್ಬನನ್ನು ನೋಡಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಮ್ಮಬ್ಬನಿಗೆ ಸ್ವಲ್ಪ ಉಸಿರಾಡಲು ಆಗುತ್ತಿತ್ತು.

“ಕೋವಿ ಕೇಳು, ಕೊಡುತ್ತೇನೆ. ಮನೆ ಕೇಳು, ಕೊಡುತ್ತೇನೆ. ಇದು ನನ್ನ ಹತ್ತಿರ ಇಲ್ಲ. ನೀನು ನನ್ನ ಹೆಸರಿನಲ್ಲಿ ಆಣೆ ಇಡಲಿಲ್ಲ. ಯಾರ ಹೆಸರು ಹಿಡಿದೆಯೋ ಅವನ ಹತ್ತಿರ ಕೇಳು.”

ಬಟ್ಟಲು ನೆಲದಲ್ಲೇ ಇತ್ತು. ಕಾಫಿ ಆರಿತು. ಕೊನೆಗೆ ಹಮ್ಮಬ್ಬನೇ ಅದನ್ನು ಎತ್ತಿ ಕುಡಿದ, ಮುದುಕನ ಮನೆಗೆ ಅವಮಾನವಾಗಬಾರದೆಂದು. ಇಳಿಯುವಾಗ ಸಾಂತಪ್ಪ ಒಂದೇ ಮಾತು ಹೇಳಿದ. “ಬೈಲಿಕ್ಕಾದ್ರೂ ಬೈಬಹುದಿತ್ತು ಮಾರಾಯ್ರೇ ಅವ.”

ಮಂದೆ ಹೋದ ಮೇಲೆ ಬೆಟ್ಟದಲ್ಲಿ ಮುದುಕನಿಗೆ ಕೆಲಸವಿರಲಿಲ್ಲ. ಪೇಟೆಗೆ ಇಳಿದು ಒಂದು ಮದುವೆ ಹಾಲಿನ ಗೇಟಿನಲ್ಲಿ ಕಾವಲು ಕೂತ. ಕಾರುಗಳನ್ನು ಸಾಲಾಗಿ ನಿಲ್ಲಿಸುವುದು, ಕೂಗುವ ಮಕ್ಕಳನ್ನು ಒಳಗೆ ಕಳಿಸುವುದು. ಆದರೂ ಗುರುವಾರ ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಬಾಗಿಲ ಬಳಿ ಕೂತು ಹಮ್ಮಬ್ಬ ಕೊಟ್ಟ ಚಾ ಕುಡಿಯುತ್ತಿದ್ದ. ‘ಬಂತೇ’ ಎಂದು ಕೇಳುತ್ತಿರಲಿಲ್ಲ. ಹೊಳೆಯ ಮಾತೂ ಕೇಳುತ್ತಿರಲಿಲ್ಲ. ಹಮ್ಮಬ್ಬ ಏನಾದರೂ ಹೇಳಿದರೆ ತಲೆಯಾಡಿಸುತ್ತಿದ್ದ, ಆದರೆ ಆ ಮಾತು ಅವನೊಳಗೆ ಇಳಿಯುತ್ತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಊರಲ್ಲಿ ಹೇಳುವುದನ್ನು ಹಮ್ಮಬ್ಬ ಎಷ್ಟು ಸಲ ಕೇಳಿರಲಿಲ್ಲ! ಈಗ ಅದನ್ನು ವಾರವಾರವೂ ಕಣ್ಣಲ್ಲಿ ಕಂಡ.

ಅಂಥ ಒಂದು ಗುರುವಾರ ಮಕ್ಕಾದಿಂದ ಒಬ್ಬ ಯುವಕ ಬಂದ. ಶಾಲೆಯ ಮೇಷ್ಟ್ರು, ಬೇಟೆಯ ಹೊಸ ಹುಚ್ಚು. ಅಬೂ ಫವ್ವಾಝ್ ಗಾಜಿನ ಹಿಂದಿನ ಎರಡು ಗಿಡ್ಡ ಕೋವಿಗಳ ಬೆಲೆಯನ್ನು ನೆಲಕ್ಕಿಳಿಸಿದ್ದ. ಎಲ್ಲಿಂದಲೋ ಅರ್ಧ ಪೆಟ್ಟಿಗೆ ತೋಟೆಯನ್ನೂ ಸಂಪಾದಿಸಿ, ಇದು ಕೋವಿಯ ಜೊತೆ ಉಡುಗೊರೆ ಎಂದು ಮೇಜಿನ ಮೇಲಿಟ್ಟ. ಯುವಕ ಕೋವಿಯನ್ನು ಎತ್ತಿ ನೋಡಿದ. ಹಗುರ. ಮುಖ ಅರಳಿತು.

“ಇದು ಕೊಳ್ಳಬಹುದಾದದ್ದೇ?” ಎಂದು ಹಮ್ಮಬ್ಬನನ್ನು ಕೇಳಿದ. “ಈ ಅರ್ಧ ಪೆಟ್ಟಿಗೆ ಮುಗಿದರೆ ತೋಟೆ ಸಿಗುತ್ತದೆಯಲ್ಲ?”

ಅಬೂ ಫವ್ವಾಝ್ ನೋಡುತ್ತಿದ್ದ. ಆಯಿದ್ ಚಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ.

“ಕೋವಿ ಒಳ್ಳೆಯದು,” ಎಂದ ಹಮ್ಮಬ್ಬ. “ತೋಟೆ ಸಿಗುವುದಿಲ್ಲ. ಬೇರೆ ಗಿಡ್ಡ ತೋಟೆ ಹಾಕಿದರೆ ಅಪಾಯ. ಕೊಳ್ಳಬೇಡ. ಹಳೆಯ ಉದ್ದದ್ದನ್ನೇ ತೆಗೆದುಕೋ, ಅದರ ತೋಟೆ ಎಲ್ಲ ಕಡೆ ಇದೆ. ಈಗಂತೂ ಇದೆ. ಮುಂದೆ ಇರುತ್ತದೆಯೇ ಎಂದರೆ, ನನಗೆ ಗೊತ್ತಿಲ್ಲ.”

ಯುವಕ ಕೋವಿಯನ್ನು ಮೆಲ್ಲನೆ ಮೇಜಿಗಿಟ್ಟ. ಉದ್ದ ಕೋವಿಯನ್ನೂ ಕೇಳದೆ, ಆಲೋಚಿಸಿ ಬರುತ್ತೇನೆ ಎಂದು ಹೊರಟುಹೋದ. ಅಬೂ ಫವ್ವಾಝ್ ಕೋವಿಯನ್ನು ಒಳಗಿಟ್ಟು, ಸರಪಳಿ ಎಳೆದು, ಬೀಗ ಹಾಕಿದ. ತಿರುಗಿ ನೋಡದೆ ಹೇಳಿದ, “ನಮಾಜಾದ ಮೇಲೆ ನಿನ್ನ ಇಕಾಮಾ ತೆಗೆದುಕೊಂಡು ಒಳಗೆ ಬಾ.”

ಇಕಾಮಾ ಎಂದರೆ ಈ ದೇಶದಲ್ಲಿರಲು ಕೊಟ್ಟ ಪರವಾನಗಿ; ಅದನ್ನು ಕೇಳಿದರೆ ಕೆಲಸ ಹೋಯಿತೆಂದೇ ಎಂದು ಹಮ್ಮಬ್ಬನಿಗೆ ಅರ್ಥ ಆಯಿತು. ಆದರೆ ಅವನ ಕಣ್ಣು ಅಲ್ಲಿರಲಿಲ್ಲ. ಅವನು ಮುದುಕನನ್ನು ನೋಡುತ್ತಿದ್ದ, ಏನೋ ಸಿಗಬಹುದು ಎನ್ನುವ ಹಾಗೆ.

ಆಯಿದ್ ಎದ್ದ. ಲೋಟವನ್ನು ಸ್ಟೂಲಿನ ಮೇಲಿಟ್ಟ. ಹತ್ತಿರ ಬಂದು ಹಮ್ಮಬ್ಬನ ಮುಖವನ್ನು ಮೊದಲ ಸಲ ನೋಡುವವನಂತೆ ನೋಡಿದ.

“ಗೊತ್ತಿಲ್ಲ ಎಂದು ನಿನಗೆ ಹೇಳಲಿಕ್ಕೆ ಬರುತ್ತದಲ್ಲ,” ಎಂದ.

ಅಷ್ಟು ಹೇಳಿ ಮೆಟ್ಟಿಲು ಇಳಿದ. ಹಮ್ಮಬ್ಬ ಬಾಗಿಲವರೆಗೆ ಓಡಿದ. “ಯಾ ಅಮ್!” ಎಂದು ಕರೆದ. ಪೇಟೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಮುದುಕ, ಬಡವಾದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಅವಸರವಿಲ್ಲದೆ ನಡೆಯುತ್ತಿದ್ದ. ಕೇಳಿಸದಷ್ಟು ದೂರವೇನೂ ಹೋಗಿರಲಿಲ್ಲ. ಹಮ್ಮಬ್ಬ ಇನ್ನೊಮ್ಮೆ ಕರೆದ. ಮುದುಕ ತಿರುಗಲಿಲ್ಲ.